ನಾವು ಯಾರು ಎಂಬ ಪ್ರಶ್ನೆಗೆ ದೇಶಗಳು ತೆರುವ ಬೆಲೆ

(ರಾಷ್ಟ್ರೀಯ ಅಸ್ಮಿತೆ ಮತ್ತು ವಿದೇಶಾಂಗ ನೀತಿ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ವಿದೇಶಾಂಗ ನೀತಿಯ ಬಗ್ಗೆ ಎಲ್ಲಿ ಮಾತು ಶುರುವಾದರೂ ಸ್ವಲ್ಪ ಹೊತ್ತಿನಲ್ಲೇ ಒಬ್ಬರಾದರೂ ಈ ಮಾತನ್ನು ಎತ್ತುತ್ತಾರೆ: ದೇಶಗಳಿಗೆ ಶಾಶ್ವತ ಮಿತ್ರರಿಲ್ಲ, ಶಾಶ್ವತ ಶತ್ರುಗಳೂ ಇಲ್ಲ, ಶಾಶ್ವತವಾದದ್ದು ಹಿತಾಸಕ್ತಿ ಮಾತ್ರ. ಬ್ರಿಟನ್ನಿನ ವಿದೇಶಾಂಗ ಸಚಿವರಾಗಿದ್ದ ಪಾಮರ್‌ಸ್ಟನ್ 1848ರ ಮಾರ್ಚ್ 1ರಂದು ಕಾಮನ್ಸ್ ಸಭೆಯಲ್ಲಿ ಮಾಡಿದ ಭಾಷಣ ಇದರ ಮೂಲ. ಆದರೆ ಅದೇ ಭಾಷಣದಲ್ಲಿ ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ನ್ಯಾಯದ ಪರ, ಸರಿಯಾದುದರ ಪರ ನಿಲ್ಲುವುದೇ ಇಂಗ್ಲೆಂಡಿನ ನಿಜವಾದ ನೀತಿ, ಅದನ್ನು ಮಿತಿಯರಿತು ವಿವೇಕದಿಂದ ನಡೆಸಬೇಕು ಎಂದಿದ್ದರು. ಮೊದಲ ಮಾತು ಜಗತ್ತಿನ ಬಾಯಲ್ಲಿ ಉಳಿಯಿತು, ಎರಡನೆಯದನ್ನು ಎಲ್ಲರೂ ಮರೆತರು. ಇಡೀ ಸಾಮ್ರಾಜ್ಯವನ್ನು ಕಟ್ಟಿಕೊಂಡಿದ್ದ ದೇಶ ನ್ಯಾಯದ ಪರ ಎಷ್ಟು ನಿಂತಿತು ಎಂಬುದು ಬೇರೆಯೇ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಹಿತಾಸಕ್ತಿಯ ಬಗ್ಗೆ ಅಷ್ಟು ಖಚಿತವಾಗಿ ಮಾತನಾಡಿದ ವ್ಯಕ್ತಿಗೂ ತನ್ನ ದೇಶ ಎಂಥದ್ದು ಎಂದು ಅದೇ ಉಸಿರಿನಲ್ಲಿ ಹೇಳದೆ ಇರಲಾಗಲಿಲ್ಲ.

ಇದು ಆಕಸ್ಮಿಕವಲ್ಲ ಎಂಬುದೇ ನನ್ನ ಇಂದಿನ ವಾದ. ನಮ್ಮ ಹಿತ ಯಾವುದು ಎಂದು ಲೆಕ್ಕ ಹಾಕಲು ಕೂರುವ ಮೊದಲೇ ನಾವು ಯಾರು ಎಂಬುದು ಮನಸ್ಸಿನಲ್ಲಿ ಎಲ್ಲೋ ತೀರ್ಮಾನವಾಗಿರುತ್ತದೆ. ಯಾರ ಜೊತೆ ಕೂರುವುದು ಸಹಜ, ಯಾರ ಮುಂದೆ ತಲೆಬಾಗುವುದು ಅವಮಾನ, ಯಾವ ನಷ್ಟವನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂಬ ಎಲ್ಲ ತೀರ್ಮಾನಗಳೂ ಅದರ ಮೇಲೆ ನಿಂತಿರುತ್ತವೆ.

ಆದರೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಅಸ್ಮಿತೆ ಎಂಬ ಹೆಸರಿನಲ್ಲಿ ಏನನ್ನು ಬೇಕಾದರೂ ವಿವರಿಸಿಬಿಡಬಹುದು. ದೇಶವೊಂದು ಯುದ್ಧಕ್ಕೆ ಹೋದರೆ ಅದು ಅವರ ವೀರಪರಂಪರೆ, ಹೋಗದಿದ್ದರೆ ಅದು ಅವರ ಶಾಂತಿಪರಂಪರೆ. ಹೀಗೆ ನಡೆದುಹೋದುದಕ್ಕೆಲ್ಲ ಕಾರಣ ಹಚ್ಚುವುದು ವಿಶ್ಲೇಷಣೆಯಾಗುವುದಿಲ್ಲ. ನಾಯಕರೂ ತಾವು ಬೇರೆ ಕಾರಣಕ್ಕೆ ಮಾಡಿದ್ದಕ್ಕೆ ಅಸ್ಮಿತೆಯ ಹೊದಿಕೆ ಹೊದಿಸುತ್ತಾರೆ. ಅದಕ್ಕಾಗಿ ನಾನು ಒಂದು ಒರೆಗಲ್ಲು ಇಟ್ಟುಕೊಂಡಿದ್ದೇನೆ. ಒಂದು ದೇಶ ತನ್ನ ಬಗ್ಗೆ ತಾನು ನಂಬಿದ್ದಕ್ಕಾಗಿ ಕಣ್ಣಿಗೆ ಕಾಣುವ ನಷ್ಟವನ್ನು ಹೊರಲು ತಯಾರಾಯಿತೇ? ಆಗಿದ್ದರೆ ಮಾತ್ರ ಅಲ್ಲಿ ಅಸ್ಮಿತೆ ಕೆಲಸ ಮಾಡಿದೆ ಎನ್ನುತ್ತೇನೆ.

ಲಿಥುವೇನಿಯಾ ಈ ಒರೆಗೆ ನಿಲ್ಲುತ್ತದೆ. 1990ರ ಮಾರ್ಚ್ 11ರಂದು ಸೋವಿಯತ್ ಗಣರಾಜ್ಯಗಳಲ್ಲೇ ಮೊದಲನೆಯದಾಗಿ ಅದು ಸ್ವಾತಂತ್ರ್ಯ ಘೋಷಿಸಿಕೊಂಡಿತು. ಏಪ್ರಿಲ್‌ನಲ್ಲಿ ಮಾಸ್ಕೋ ಆರ್ಥಿಕ ದಿಗ್ಬಂಧನ ಹಾಕಿತು. ಮಜೇಕ್ಯೈ ತೈಲ ಶುದ್ಧೀಕರಣ ಘಟಕಕ್ಕೆ ಬರುತ್ತಿದ್ದ ಕಚ್ಚಾ ತೈಲ ನಿಂತಿತು, ಅನಿಲದ ಪೂರೈಕೆ ಕುಗ್ಗಿತು, ಪೆಟ್ರೋಲ್‌ಗೆ ಪಡಿತರ ಬಂತು. ತೈಲ, ಅನಿಲ, ಕಚ್ಚಾವಸ್ತು, ಮಾರುಕಟ್ಟೆ ಎಲ್ಲಕ್ಕೂ ಮಾಸ್ಕೋವನ್ನೇ ನೆಚ್ಚಿಕೊಂಡಿದ್ದ ಪುಟ್ಟ ಗಣರಾಜ್ಯ ಅದು. ಬರೀ ಲಾಭ ನಷ್ಟದ ಲೆಕ್ಕವಾಗಿದ್ದರೆ ಒಂದು ವಾರದಲ್ಲಿ ಘೋಷಣೆಯನ್ನು ಹಿಂತೆಗೆದುಕೊಳ್ಳಬೇಕಿತ್ತು. ಸುಮಾರು ಎರಡೂವರೆ ತಿಂಗಳು ತಡೆದುಕೊಂಡ ಮೇಲೆ, ಮಾತುಕತೆಗೆ ದಾರಿಯಾಗಲೆಂದು ಘೋಷಣೆಯ ಜಾರಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ಒಪ್ಪಿತೇ ಹೊರತು ಘೋಷಣೆಯನ್ನು ರದ್ದು ಮಾಡಲಿಲ್ಲ. 1991ರ ಜನವರಿಯಲ್ಲಿ ರಾಜಧಾನಿ ವಿಲ್ನಿಯಸ್‌ನ ಟಿವಿ ಗೋಪುರದ ಬಳಿ ಸೋವಿಯತ್ ಸೇನೆಯ ದಾಳಿಗೆ ಜನ ಪ್ರಾಣ ತೆತ್ತರು, ಆಗಲೂ ಇಲ್ಲ.

ಪಕ್ಕದ ಬೆಲಾರೂಸ್‌ಗೂ ಅದೇ ಸೋವಿಯತ್ ಪೈಪುಗಳು, ಅದೇ ಕಾರ್ಖಾನೆಗಳು, ಅದೇ ಅವಲಂಬನೆ. ಆದರೆ ಅದು ಹಿಡಿದ ದಾರಿ ತದ್ವಿರುದ್ಧ. 1995ರ ಜನಮತಗಣನೆಯಲ್ಲಿ ರಷ್ಯನ್ ಭಾಷೆಗೆ ಸಮಾನ ಸ್ಥಾನ, ಸೋವಿಯತ್ ಕಾಲದ್ದನ್ನು ಹೋಲುವ ಧ್ವಜ, ರಷ್ಯಾದೊಂದಿಗೆ ಆರ್ಥಿಕ ಏಕೀಕರಣ, ಮೂರಕ್ಕೂ ಒಪ್ಪಿಗೆ ದೊರೆಯಿತು. 1999ರಲ್ಲಿ ರಷ್ಯಾದೊಡನೆ ಒಕ್ಕೂಟ ರಾಜ್ಯದ ಒಪ್ಪಂದವಾಯಿತು. ಲಿಥುವೇನಿಯಾದ ನೆನಪಿನಲ್ಲಿ 1918ರಿಂದ 1940ರವರೆಗಿನ ಸ್ವತಂತ್ರ ಗಣರಾಜ್ಯವಿತ್ತು, ಸೋವಿಯತ್ ಆಳ್ವಿಕೆ ಅದಕ್ಕೆ ಪರಕೀಯರ ಆಕ್ರಮಣವಾಗಿತ್ತು. ಬೆಲಾರೂಸ್‌ನಲ್ಲಿ ಬಹಳ ಜನರಿಗೆ ಸೋವಿಯತ್ ಕಾಲವೆಂದರೆ ನಾಜಿಗಳ ವಿರುದ್ಧ ಹೋರಾಡಿ ಗೆದ್ದ, ಊರುಗಳನ್ನು ಮರಳಿ ಕಟ್ಟಿದ ತಮ್ಮದೇ ಕಾಲ. ಹಾಗಾಗಿ ಮಾಸ್ಕೋದ ಮೇಲಿನ ಅವಲಂಬನೆ ಒಬ್ಬರಿಗೆ ಕಳಚಿಕೊಳ್ಳಬೇಕಾದ ಸಂಕೋಲೆಯಾಗಿ ಕಂಡರೆ ಇನ್ನೊಬ್ಬರಿಗೆ ಉಳಿಸಿಕೊಳ್ಳಬೇಕಾದ ಸಂಬಂಧವಾಗಿ ಕಂಡಿತು. ಇಷ್ಟರಿಂದಲೇ ಎಲ್ಲವೂ ನಿರ್ಧಾರವಾಯಿತು ಎನ್ನುತ್ತಿಲ್ಲ. ಐರೋಪ್ಯ ಒಕ್ಕೂಟ ಮತ್ತು ಪಾಶ್ಚಾತ್ಯ ಸೇನಾ ಕೂಟವಾದ ನ್ಯಾಟೊ, ಲಿಥುವೇನಿಯಾದಂಥ ಬಾಲ್ಟಿಕ್ ದೇಶಗಳಿಗೆ ಬಾಗಿಲು ತೆರೆಯದೇ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಬೆಲಾರೂಸ್‌ನಲ್ಲಿಯೂ ಬೇರೆ ನೆನಪು, ಬೇರೆ ಧ್ವಜ ಹಿಡಿದವರು ಅಂದೂ ಇದ್ದರು, ಇಂದೂ ಇದ್ದಾರೆ. 2014ರಲ್ಲಿ ಲಿಥುವೇನಿಯಾ ತನ್ನ ಕ್ಲೈಪೆಡಾ ಬಂದರಿಗೆ ದ್ರವೀಕೃತ ಅನಿಲದ ತೇಲುವ ಟರ್ಮಿನಲ್ ತರಿಸಿಕೊಂಡಿತು. ಅಲ್ಲಿಯವರೆಗೆ ಆ ದೇಶಕ್ಕೆ ಅನಿಲ ಕೊಡುತ್ತಿದ್ದುದು ರಷ್ಯಾ ಒಂದೇ. ಆ ಹಡಗಿಗೆ ಇಟ್ಟ ಹೆಸರು 'ಸ್ವಾತಂತ್ರ್ಯ'.

ನಮ್ಮ ದೇಶದ ಉದಾಹರಣೆಯೂ ಇಲ್ಲಿ ನೆನಪಾಗುತ್ತದೆ. 1946ರಲ್ಲಿ ಭಾರತ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಆದರೂ ದಕ್ಷಿಣ ಆಫ್ರಿಕಾದಲ್ಲಿ ಭಾರತೀಯ ಮೂಲದವರ ವಿರುದ್ಧ ನಡೆಯುತ್ತಿದ್ದ ತಾರತಮ್ಯವನ್ನು ಪ್ರತಿಭಟಿಸಿ ಆ ದೇಶದೊಂದಿಗಿನ ವ್ಯಾಪಾರವನ್ನು ಕಡಿದುಕೊಂಡಿತು, ಪ್ರಶ್ನೆಯನ್ನು ವಿಶ್ವಸಂಸ್ಥೆಗೆ ಒಯ್ದಿತು. ಇದು ನಮ್ಮ ಆಂತರಿಕ ವಿಷಯ ಎಂದು ದಕ್ಷಿಣ ಆಫ್ರಿಕಾ ವಾದಿಸಿತು. ಆ ವಾದ ಮಂಡಿಸಿದ ಅಲ್ಲಿನ ಪ್ರಧಾನಿ ಯಾನ್ ಸ್ಮಟ್ಸ್ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆ ರೂಪಿಸುವಲ್ಲಿ ಕೈಯಿದ್ದವರು. ಎದುರಿಗಿದ್ದುದು ವಿಜಯಲಕ್ಷ್ಮಿ ಪಂಡಿತ್ ನೇತೃತ್ವದ ಭಾರತದ ನಿಯೋಗ. ಡಿಸೆಂಬರ್ 8ರಂದು ಸಾಮಾನ್ಯ ಸಭೆ ಭಾರತದ ಪರ ನಿರ್ಣಯ ಅಂಗೀಕರಿಸಿತು. ದೇಶ ಸ್ವತಂತ್ರವಾಗುವ ಮೊದಲೇ, ಅದು ಜಗತ್ತಿನ ಮುಂದೆ ಯಾರ ಪರವಾಗಿ ನಿಲ್ಲುತ್ತದೆ ಎಂಬುದು ಗೊತ್ತಾಗಿಬಿಟ್ಟಿತ್ತು. ಮುಂದೆ ಅಲಿಪ್ತ ನೀತಿಯಲ್ಲಿ ಲೆಕ್ಕಾಚಾರ ಎಷ್ಟಿತ್ತು, ನಂಬಿಕೆ ಎಷ್ಟಿತ್ತು ಎಂಬ ವಾದ ಮುಗಿಯುವಂಥದ್ದಲ್ಲ. ಬಡ ದೇಶವೊಂದಕ್ಕೆ ಎರಡೂ ಬಣಗಳಿಂದ ನೆರವು ಪಡೆಯುವ ಅನುಕೂಲ ಅದರಲ್ಲಿ ಇದ್ದೇ ಇತ್ತು. ಆದರೆ 1946ರ ನಡೆಯಲ್ಲಿ ಅಂಥ ಅನುಕೂಲವನ್ನು ನಾನು ಕಾಣೆ.

ಈಗ ಜರ್ಮನಿಗೆ ಬರುತ್ತೇನೆ. ಅಸ್ಮಿತೆ ಒಂದೇ ದಿಕ್ಕಿಗೆ ತಳ್ಳುತ್ತದೆ ಎಂದು ಯಾರಾದರೂ ಭಾವಿಸಿದ್ದರೆ ಅದು ಸರಿಯಲ್ಲ ಎಂದು ತೋರಿಸಿಕೊಡುವ ದೇಶ ಇದು.

1999ರ ಮಾರ್ಚ್ 24ರಂದು ನ್ಯಾಟೊ ಯುಗೋಸ್ಲಾವಿಯಾದ ಮೇಲೆ ವಾಯುದಾಳಿ ಆರಂಭಿಸಿತು. ಆ ದೇಶದ ಕೊಸೊವೊ ಪ್ರಾಂತ್ಯದ ಅಲ್ಬೇನಿಯನ್ನರ ಮೇಲೆ ನಡೆಯುತ್ತಿದ್ದ ದೌರ್ಜನ್ಯ ಅದಕ್ಕೆ ಕೊಟ್ಟ ಕಾರಣ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆ ಇರಲಿಲ್ಲ. 1945ರ ನಂತರ ಮೊದಲ ಬಾರಿಗೆ ಜರ್ಮನಿಯ ವಿಮಾನಗಳು ಯುದ್ಧದಲ್ಲಿ ಪಾಲ್ಗೊಂಡವು. ಆಗ ಅಧಿಕಾರದಲ್ಲಿದ್ದುದು ಸೋಷಿಯಲ್ ಡೆಮಾಕ್ರಾಟರು ಮತ್ತು ಶಾಂತಿ ಚಳವಳಿಯಿಂದಲೇ ಹುಟ್ಟಿದ ಗ್ರೀನ್ ಪಕ್ಷ. ವಿದೇಶಾಂಗ ಸಚಿವ ಯೋಷ್ಕಾ ಫಿಷರ್ ಗ್ರೀನ್ ಪಕ್ಷದವರು. ಮೇ 13ರಂದು ಬೀಲೆಫೆಲ್ಡ್‌ನಲ್ಲಿ ಪಕ್ಷದ ವಿಶೇಷ ಸಮಾವೇಶ ನಡೆಯಿತು. ವೇದಿಕೆಯಲ್ಲಿದ್ದ ಫಿಷರ್ ಮೇಲೆ ಯಾರೋ ಕೆಂಪು ಬಣ್ಣ ತುಂಬಿದ ಚೀಲ ಎಸೆದರು. ಅದು ಕಿವಿಗೆ ಬಡಿದು ಕಿವಿಯ ತಮಟೆಗೆ ಗಾಯವಾಯಿತು, ಕೋಟಿನ ಮೇಲೆಲ್ಲ ಬಣ್ಣ. ಸ್ವಲ್ಪ ಹೊತ್ತಿನ ನಂತರ ಅವರು ಅದೇ ಕೋಟಿನಲ್ಲಿ ಮಾತನಾಡಲು ನಿಂತರು. ತಾನು ಎರಡು ತತ್ವಗಳ ಮೇಲೆ ನಿಂತವನು, ಮತ್ತೆಂದೂ ಯುದ್ಧ ಬೇಡ ಎಂಬುದು ಒಂದು, ಮತ್ತೆಂದೂ ಆಶ್ವಿಟ್ಜ್ ಬೇಡ ಎಂಬುದು ಇನ್ನೊಂದು ಎಂದರು. (ಆಶ್ವಿಟ್ಜ್ ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಶಿಬಿರ.) ಅವರ ಪೀಳಿಗೆಗೆ ಅಲ್ಲಿಯವರೆಗೆ ಈ ಎರಡೂ ಒಂದೇ ವಾಕ್ಯವಾಗಿದ್ದವು. ಆ ವರ್ಷ ಅವು ಬೇರೆ ಬೇರೆಯಾದವು.

ಎದುರಾಳಿಗಳು ಹೇಳಿದ್ದನ್ನೂ ಕೇಳಬೇಕು. 1941ರ ಏಪ್ರಿಲ್‌ನಲ್ಲಿ ಯುಗೋಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್ ಮೇಲೆ ಬಾಂಬು ಸುರಿಸಿದ್ದು ಹಿಟ್ಲರನ ವಾಯುಪಡೆ. ಆ ಜನರ ಮೇಲಿನ ಯುದ್ಧಕ್ಕೆ ಜರ್ಮನಿಯ ವಿಮಾನಗಳು ಮತ್ತೆ ಹೋಗಬಹುದೇ? ಇದೂ ಅದೇ ನೆನಪಿನಿಂದ, ಅದೇ ಪಾಪಪ್ರಜ್ಞೆಯಿಂದ ಬಂದ ಪ್ರಶ್ನೆ. ಅಂದರೆ ಸಭಾಂಗಣದ ಎರಡೂ ಕಡೆಯವರು ಒಂದೇ ಅಸ್ಮಿತೆಯ ವಾರಸುದಾರರು, ತೀರ್ಮಾನ ಮಾತ್ರ ವಿರುದ್ಧ. ಕೊನೆಗೆ ಸಮಾವೇಶ ಫಿಷರ್ ಬೆಂಬಲಕ್ಕೆ ನಿಂತಿತು. ಆದರೆ ಆ ದಿನ ಬೀಲೆಫೆಲ್ಡ್‌ನಲ್ಲಿ ಯಾರೊಬ್ಬರೂ ಬಾಲ್ಕನ್‌ನಲ್ಲಿ ಜರ್ಮನಿಗೆ ಇರುವ ವ್ಯಾಪಾರ ಎಷ್ಟು ಎಂಬ ಆಧಾರದ ಮೇಲೆ ವಾದ ಗೆಲ್ಲಲು ಸಾಧ್ಯವಿರಲಿಲ್ಲ. ನನ್ನ ದೃಷ್ಟಿಯಲ್ಲಿ ಅಸ್ಮಿತೆಯ ನಿಜವಾದ ಬಲ ಇರುವುದು ಇಲ್ಲಿ. ಅದು ಉತ್ತರವನ್ನು ಕೊಡುವುದಿಲ್ಲ, ಯಾವ ಬಗೆಯ ಉತ್ತರವನ್ನು ಜನ ಕಿವಿಗೊಟ್ಟು ಕೇಳುತ್ತಾರೆ ಎಂಬುದನ್ನು ಗೊತ್ತುಮಾಡುತ್ತದೆ.

2022ರಲ್ಲಿಯೂ ಇದನ್ನೇ ಕಂಡೆವು. ಜನವರಿಯಲ್ಲಿ ಉಕ್ರೇನಿನ ಗಡಿಯಲ್ಲಿ ರಷ್ಯಾದ ಸೇನೆ ಜಮಾಯಿಸಿದ್ದಾಗ ಜರ್ಮನಿ ಕೊಡಲು ಒಪ್ಪಿದ್ದು 5,000 ಹೆಲ್ಮೆಟ್‌ಗಳನ್ನು. ಫೆಬ್ರುವರಿ 24ರಂದು ಆಕ್ರಮಣ ನಡೆದ ಎರಡೇ ದಿನಕ್ಕೆ ಟ್ಯಾಂಕ್ ನಿರೋಧಕ ಅಸ್ತ್ರಗಳು ಮತ್ತು ಕ್ಷಿಪಣಿಗಳನ್ನು ಕೊಡುವುದಾಗಿ ಘೋಷಿಸಿತು. 27ರಂದು ಚಾನ್ಸಲರ್ ಓಲಾಫ್ ಶೋಲ್ಜ್ ಸಂಸತ್ತಿನಲ್ಲಿ ಸೇನೆಗಾಗಿ 100 ಶತಕೋಟಿ ಯೂರೊಗಳ ವಿಶೇಷ ನಿಧಿಯನ್ನು ಪ್ರಕಟಿಸಿದರು. ಹಾಗೆಂದು ಹಳೆಯ ಹಿಂಜರಿಕೆ ಒಂದು ವಾರದಲ್ಲಿ ಅಳಿಸಿಹೋಗಲಿಲ್ಲ. ಲೆಪರ್ಡ್ ಟ್ಯಾಂಕ್‌ಗಳನ್ನು ಕಳುಹಿಸಲು ಒಪ್ಪುವಷ್ಟರಲ್ಲಿ 2023ರ ಜನವರಿ ಬಂದಿತ್ತು.

ಜಪಾನಿನದು ಇನ್ನೊಂದು ಬಗೆಯ ಕಷ್ಟ. 1947ರ ಸಂವಿಧಾನದ 9ನೇ ವಿಧಿ ಯುದ್ಧವನ್ನು ತ್ಯಜಿಸುತ್ತದೆ. ಅದನ್ನು ಬರೆದಾಗ ದೇಶ ಅಮೆರಿಕದ ಹಿಡಿತದಲ್ಲಿತ್ತು. ಆದರೂ ಜನ ಅದನ್ನು ತಮ್ಮದಾಗಿಸಿಕೊಂಡರು. ಹೊರಗಿನವರು ಹಾಕಿಕೊಟ್ಟದ್ದೂ ಒಂದೆರಡು ಪೀಳಿಗೆಯಲ್ಲಿ ಒಂದು ಸಮಾಜದ ಅಂತಃಕರಣವಾಗಬಲ್ಲದು. 1991ರ ಕೊಲ್ಲಿ ಯುದ್ಧಕ್ಕೆ ಜಪಾನ್ ಸೈನಿಕರನ್ನು ಕಳುಹಿಸಲಿಲ್ಲ, 13 ಶತಕೋಟಿ ಡಾಲರ್ ಕೊಟ್ಟಿತು. ಯುದ್ಧ ಮುಗಿದ ಮೇಲೆ ಕುವೈತ್ ನೆರವಾದ ದೇಶಗಳಿಗೆ ಕೃತಜ್ಞತೆ ಹೇಳಿ ಅಮೆರಿಕದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ಆ ಪಟ್ಟಿಯಲ್ಲಿ ಜಪಾನ್ ಇರಲಿಲ್ಲ. ಅಷ್ಟು ಹಣ ಕೊಟ್ಟೂ ಲೆಕ್ಕಕ್ಕೆ ಬರಲಿಲ್ಲವಲ್ಲ ಎಂಬ ನೋವು ಟೋಕಿಯೊದಲ್ಲಿ ಬಹುಕಾಲ ಉಳಿಯಿತು. 1992ರಲ್ಲಿ ಶಾಂತಿಪಾಲನಾ ಕಾರ್ಯಗಳಿಗೆ ಪಡೆಗಳನ್ನು ಕಳುಹಿಸಲು ಅವಕಾಶ ಕೊಡುವ ಕಾನೂನು ಬಂತು. ತಾನು ಶಾಂತಿಪ್ರಿಯ ದೇಶ ಎಂದು ಜಪಾನ್ ನಂಬಿದ್ದರಷ್ಟೇ ಸಾಲದು, ಆ ನಂಬಿಕೆಯನ್ನು ಇತರರೂ ಗೌರವಿಸಬೇಕು. ಗೌರವ ಸಿಗದಿದ್ದಾಗ ನೀತಿ ಅಲುಗಾಡುತ್ತದೆ.

ಸ್ವೀಡನ್ ಮತ್ತು ಫಿನ್ಲೆಂಡ್ 2022ರ ಮೇ 18ರಂದು ಜೊತೆಯಾಗಿ ನ್ಯಾಟೊಗೆ ಅರ್ಜಿ ಹಾಕಿದವು. ಫಿನ್ಲೆಂಡ್ 2023ರ ಏಪ್ರಿಲ್‌ನಲ್ಲಿ, ಸ್ವೀಡನ್ 2024ರ ಮಾರ್ಚ್‌ನಲ್ಲಿ ಸದಸ್ಯರಾದವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಥೆ. ಒಳಗೆ ಹಾಗಿಲ್ಲ. ಫಿನ್ಲೆಂಡಿನ ತಾಟಸ್ಥ್ಯ ಸೋವಿಯತ್ ಒಕ್ಕೂಟದೊಡನೆ ಎರಡು ಯುದ್ಧ ಮಾಡಿ, ನೆಲ ಕಳೆದುಕೊಂಡು, ಬದುಕಿ ಉಳಿಯಲು ಹಿಡಿದ ಉಪಾಯ. ನ್ಯಾಟೊ ಸೇರುವ ಆಯ್ಕೆ ತೆರೆದಿದೆ ಎಂದು ಅದು ಶೀತಲ ಸಮರ ಮುಗಿದ ಮೇಲೆ ಅಧಿಕೃತವಾಗಿಯೇ ಹೇಳುತ್ತಿತ್ತು. ಸುಮಾರು 1,300 ಕಿಲೋಮೀಟರ್ ಗಡಿಯ ಆಚೆಗಿನ ಪರಿಸ್ಥಿತಿ ಬದಲಾದಾಗ ಉಪಾಯವೂ ಬದಲಾಯಿತು. 1814ರಿಂದ ಯುದ್ಧ ಮಾಡದ ಸ್ವೀಡನ್ನಿಗೆ ತಾಟಸ್ಥ್ಯವೇ ತನ್ನ ನೈತಿಕ ಮುಖವಾಗಿತ್ತು. ಅದಕ್ಕೇ ಅಲ್ಲಿಯ ಸೋಷಿಯಲ್ ಡೆಮಾಕ್ರಾಟರಿಗೆ ಈ ತೀರ್ಮಾನ ಹೆಚ್ಚು ನೋವು ಕೊಟ್ಟಿತು. ಶೀತಲ ಸಮರದ ಕಾಲದಲ್ಲಿ ಸ್ವೀಡನ್ ಪಾಶ್ಚಾತ್ಯ ಸೇನೆಗಳೊಂದಿಗೆ ಗುಟ್ಟಾಗಿ ಸಹಕರಿಸುತ್ತಿತ್ತು ಎಂಬುದು 1990ರ ದಶಕದಲ್ಲಿ ಅಧಿಕೃತ ಆಯೋಗದಿಂದಲೇ ಹೊರಬಂದಿತ್ತು. ಅದು ಗೊತ್ತಾದ ಮೇಲೂ ಆ ನೈತಿಕ ಚಿತ್ರ ಬಲವಾಗಿಯೇ ಉಳಿದಿತ್ತು ಎಂಬುದು ಯೋಚಿಸಬೇಕಾದ ಸಂಗತಿ.

ಅಸ್ಮಿತೆಯ ಕತ್ತಲ ಮುಖ ಕಾಣುವುದು ಒಂದು ದೇಶ ತನ್ನ ಬಗ್ಗೆ ಹೇಳಿಕೊಳ್ಳುವ ಕಥೆಯೊಳಗೆ ಇನ್ನೊಂದು ದೇಶವನ್ನು ಸೇರಿಸಿಕೊಂಡಾಗ. 2021ರ ಜುಲೈನಲ್ಲಿ ರಷ್ಯಾದ ಅಧ್ಯಕ್ಷರು ದೀರ್ಘ ಲೇಖನವೊಂದನ್ನು ಪ್ರಕಟಿಸಿ ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ವಾದಿಸಿದರು. ಏಳು ತಿಂಗಳ ನಂತರ ಟ್ಯಾಂಕುಗಳು ಗಡಿ ದಾಟಿದವು. ನೀನು ಬೇರೆಯಲ್ಲ, ನನ್ನವನೇ ಎಂದು ಒಬ್ಬ ಹೇಳುವಾಗ ಅಲ್ಲ ಎನ್ನುವ ಹಕ್ಕು ಇನ್ನೊಬ್ಬನಿಗೆ ಇರಲೇಬೇಕು. ಆ ಹಕ್ಕನ್ನು ನಿರಾಕರಿಸುವ ಅಸ್ಮಿತೆಗೆ ಎಷ್ಟು ಪುರಾತನ ಇತಿಹಾಸದ ಬೆಂಬಲವಿದ್ದರೂ ನನ್ನಿಂದ ಗೌರವಿಸಲಾಗದು.

ಆಕ್ರಮಣಕ್ಕೆ ಮೂರು ದಿನ ಮೊದಲು, ಫೆಬ್ರುವರಿ 21ರ ರಾತ್ರಿ, ಭದ್ರತಾ ಮಂಡಳಿಯಲ್ಲಿ ಕೀನ್ಯಾದ ರಾಯಭಾರಿ ಮಾರ್ಟಿನ್ ಕಿಮಾನಿ ಮಾತನಾಡಿದರು. ಆಫ್ರಿಕಾದ ಗಡಿಗಳನ್ನು ಎಳೆದದ್ದು ಆಫ್ರಿಕನ್ನರಲ್ಲ, ದೂರದ ಸಾಮ್ರಾಜ್ಯಗಳ ರಾಜಧಾನಿಗಳು. ಪ್ರತಿ ಗಡಿಯ ಆಚೆಗೂ ನಮ್ಮದೇ ಭಾಷೆಯ, ನೆಂಟಸ್ತಿಕೆಯ ಜನರಿದ್ದಾರೆ. ಜನಾಂಗದ ಲೆಕ್ಕದಲ್ಲಿ ದೇಶ ಕಟ್ಟಲು ಹೊರಟಿದ್ದರೆ ಇಂದಿಗೂ ರಕ್ತಪಾತ ನಡೆಯುತ್ತಿರುತ್ತಿತ್ತು, ಅದಕ್ಕಾಗಿ ಸಿಕ್ಕ ಗಡಿಗಳನ್ನೇ ಒಪ್ಪಿಕೊಂಡೆವು. ಇದು ಅವರ ಮಾತಿನ ತಾತ್ಪರ್ಯ. 1964ರಲ್ಲಿ ಕೈರೊದಲ್ಲಿ ಆಫ್ರಿಕಾ ಏಕತಾ ಸಂಘಟನೆ ಇದನ್ನೇ ನಿರ್ಣಯವಾಗಿ ಅಂಗೀಕರಿಸಿತ್ತು. ಎಲ್ಲೆಡೆಯೂ ಅದು ಪಾಲನೆಯಾಗಲಿಲ್ಲ, ನಿಜ. ಆದರೂ ಗಾಯವನ್ನು ಕೆದಕದೆಯೂ ಅಸ್ಮಿತೆ ಕಟ್ಟಿಕೊಳ್ಳಬಹುದು ಎಂಬುದಕ್ಕೆ ನನಗೆ ಗೊತ್ತಿರುವ ದೊಡ್ಡ ನಿದರ್ಶನ ಅದೇ.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು ಕೇಳಿದರು: ಸರ್ಕಾರವೊಂದು ಮನಸ್ಸು ಮಾಡಿದರೆ ದೇಶದ ಅಸ್ಮಿತೆಯನ್ನೇ ಬದಲಿಸಿ, ವಿದೇಶಾಂಗ ನೀತಿಯ ಗಂಟನ್ನು ಬಿಡಿಸಬಹುದೇ? ಇದಕ್ಕೆ ಉತ್ತರವಾಗಿ ಹೇಳಿದ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

1991ರಲ್ಲಿ ಯುಗೋಸ್ಲಾವಿಯಾ ಒಡೆದು ಮ್ಯಾಸಿಡೋನಿಯಾ ಸ್ವತಂತ್ರವಾದಾಗ ಗ್ರೀಸ್ ಆ ಹೆಸರನ್ನೇ ವಿರೋಧಿಸಿತು. ಮ್ಯಾಸಿಡೋನಿಯಾ ಎಂಬುದು ಗ್ರೀಸಿನ ಉತ್ತರ ಭಾಗದ ಹೆಸರು, ಅಲೆಕ್ಸಾಂಡರ್ ನಮ್ಮವನು, ಈ ಹೆಸರಿಟ್ಟುಕೊಂಡವರು ನಾಳೆ ನಮ್ಮ ನೆಲವನ್ನೂ ಕೇಳುತ್ತಾರೆ ಎಂಬುದು ಅದರ ವಾದ. 1993ರಲ್ಲಿ ಹೊಸ ದೇಶಕ್ಕೆ ವಿಶ್ವಸಂಸ್ಥೆಯ ಸದಸ್ಯತ್ವ ಸಿಕ್ಕಿದ್ದು 'ದಿ ಫಾರ್ಮರ್ ಯುಗೋಸ್ಲಾವ್ ರಿಪಬ್ಲಿಕ್ ಆಫ್ ಮ್ಯಾಸಿಡೋನಿಯಾ' ಎಂಬ ತಾತ್ಕಾಲಿಕ ಹೆಸರಿನಲ್ಲಿ. ಸಾಮಾನ್ಯ ಸಭೆಯಲ್ಲಿ ದೇಶಗಳು ಇಂಗ್ಲಿಷ್ ಅಕಾರಾದಿಯಲ್ಲಿ ಕೂರುತ್ತವೆ. ಅವರನ್ನು 'ಎಂ' ಅಕ್ಷರದಡಿ ಕೂರಿಸಲು ಗ್ರೀಸ್ ಒಪ್ಪಲಿಲ್ಲ, 'ಫಾರ್ಮರ್' ಎಂದು 'ಎಫ್' ಅಕ್ಷರದಡಿ ಕೂರಲು ಅವರು ಒಪ್ಪಲಿಲ್ಲ. ಕೊನೆಗೆ 'ದಿ' ಎಂಬುದರ 'ಟಿ' ಅಕ್ಷರ ಹಿಡಿದು ಥಾಯ್ಲೆಂಡಿನ ಪಕ್ಕದಲ್ಲಿ ಕುರ್ಚಿ ಕೊಟ್ಟರು. ಹದಿನಾರು ಕಿರಣಗಳ ಸೂರ್ಯನಿದ್ದ ಧ್ವಜಕ್ಕೂ ಗ್ರೀಸಿನ ಆಕ್ಷೇಪ. 1994ರಲ್ಲಿ ಗ್ರೀಸ್ ವ್ಯಾಪಾರ ದಿಗ್ಬಂಧನ ಹಾಕಿತು. ಮರುವರ್ಷ ಮಧ್ಯಂತರ ಒಪ್ಪಂದವಾಗಿ ಧ್ವಜ ಬದಲಾಯಿತು, ಹೆಸರಿನ ಜಗಳ ಉಳಿಯಿತು. 2008ರಲ್ಲಿ ನ್ಯಾಟೊ ಬಾಗಿಲಿನವರೆಗೂ ಬಂದ ದೇಶವನ್ನು ಗ್ರೀಸ್ ತಡೆಯಿತು. ಇದು ತಪ್ಪು ಎಂದು 2011ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟರೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಮ್ಯಾಸಿಡೋನಿಯಾದ ರಾಜಧಾನಿ ಸ್ಕೋಪ್ಯೆಯ ಸರ್ಕಾರವೂ ಹಟಕ್ಕೆ ಬಿದ್ದು ವಿಮಾನ ನಿಲ್ದಾಣಕ್ಕೆ ಅಲೆಕ್ಸಾಂಡರನ ಹೆಸರಿಟ್ಟಿತ್ತು, ನಗರದ ನಡುವೆ ಕುದುರೆಯೇರಿದ ಯೋಧನ ಬೃಹತ್ ಪ್ರತಿಮೆ ನಿಲ್ಲಿಸಿತ್ತು.

2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಡದಲ್ಲಿ ಮ್ಯಾಸಿಡೋನಿಯಾದ ಪ್ರಧಾನಿ ಜೋರಾನ್ ಜಯೆವ್ ಮತ್ತು ಗ್ರೀಸಿನ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಸಮ್ಮುಖದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ದೇಶ 'ಉತ್ತರ ಮ್ಯಾಸಿಡೋನಿಯಾ' ಆಗುವುದು, ಭಾಷೆಯ ಹೆಸರು ಮ್ಯಾಸಿಡೋನಿಯನ್ ಎಂದೇ ಉಳಿಯುವುದು. ನನಗೆ ಅತಿ ಮುಖ್ಯವೆನಿಸುವುದು ಅದರ 7ನೇ ವಿಧಿ. ಮ್ಯಾಸಿಡೋನಿಯಾ ಎಂದಾಗ ಇಬ್ಬರೂ ಬೇರೆ ಬೇರೆ ಇತಿಹಾಸವನ್ನು, ಬೇರೆ ಬೇರೆ ಪರಂಪರೆಯನ್ನು ಹೇಳುತ್ತಿದ್ದೇವೆ ಎಂದು ಎರಡೂ ದೇಶಗಳು ಅಲ್ಲಿ ಒಪ್ಪಿಕೊಂಡವು. ನಿನ್ನ ಕಥೆ ಸುಳ್ಳು ಎನ್ನುವುದನ್ನು ಇಬ್ಬರೂ ಬಿಟ್ಟರು. ಇಂಥ ವಿವಾದಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ತೋಚುವುದಿಲ್ಲ.

ಬೆಲೆ ಇಬ್ಬರೂ ತೆತ್ತರು. ಸ್ಕೋಪ್ಯೆಯ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಒಪ್ಪಿದರು, ಆದರೆ ಮತ ಹಾಕಲು ಬಂದವರೇ ಸುಮಾರು ಶೇ 37. ಸಂವಿಧಾನ ತಿದ್ದುಪಡಿ 120 ಸದಸ್ಯರ ಸಂಸತ್ತಿನಲ್ಲಿ 81 ಮತಗಳಿಂದ, ಬೇಕಾದುದಕ್ಕಿಂತ ಒಂದೇ ಮತ ಹೆಚ್ಚಿಗೆ ಪಡೆದು ಗೆದ್ದಿತು. ಅಥೆನ್ಸ್‌ನಲ್ಲಿ ಸಿಪ್ರಾಸ್ ಅವರ ಮಿತ್ರಪಕ್ಷ ಸರ್ಕಾರವನ್ನು ತೊರೆಯಿತು, ಒಪ್ಪಂದಕ್ಕೆ 300ರಲ್ಲಿ 153 ಮತ ಬಂತು. 2020ರ ಮಾರ್ಚ್‌ನಲ್ಲಿ ಉತ್ತರ ಮ್ಯಾಸಿಡೋನಿಯಾ ನ್ಯಾಟೊ ಸದಸ್ಯನಾಯಿತು.

ಅದೇ ವರ್ಷ ನವೆಂಬರ್‌ನಲ್ಲಿ ಐರೋಪ್ಯ ಒಕ್ಕೂಟದ ಸದಸ್ಯತ್ವದ ಮಾತುಕತೆಗೆ ಬಲ್ಗೇರಿಯಾ ಅಡ್ಡ ಬಂತು. 1992ರಲ್ಲಿ ಈ ದೇಶವನ್ನು ಎಲ್ಲರಿಗಿಂತ ಮೊದಲು ಮಾನ್ಯ ಮಾಡಿದ್ದೇ ಬಲ್ಗೇರಿಯಾ. ಈಗ ಅದರ ತಕರಾರು ಹೆಸರಿನದಲ್ಲ, ಭಾಷೆ ಮತ್ತು ಇತಿಹಾಸದ್ದು. ಅವರ ಭಾಷೆ ಬಲ್ಗೇರಿಯನ್ನಿನದೇ ಒಂದು ರೂಪ ಎಂಬುದು ಅದರ ನಿಲುವು. 2022ರಲ್ಲಿ ಫ್ರಾನ್ಸ್ ಮುಂದಿಟ್ಟ ಸೂತ್ರದ ಪ್ರಕಾರ ಉತ್ತರ ಮ್ಯಾಸಿಡೋನಿಯಾ ತನ್ನ ಸಂವಿಧಾನದಲ್ಲಿ ಬಲ್ಗೇರಿಯನ್ನರ ಹೆಸರನ್ನು ಸೇರಿಸಬೇಕಿತ್ತು. ಅದಕ್ಕೆ ಬೇಕಾದ ಮೂರನೇ ಎರಡು ಬಹುಮತ ಆ ಸಂಸತ್ತಿನ ಅವಧಿ ಮುಗಿಯುವವರೆಗೂ ಕೂಡಿಬರಲಿಲ್ಲ. ಒಮ್ಮೆ ಹೆಸರನ್ನೇ ಬಿಟ್ಟುಕೊಟ್ಟ ಜನರಿಗೆ ಇನ್ನೊಂದು ಸಲ ಬಾಗು ಎಂದರೆ ಆಗುವುದೇ ಹೀಗೆ. 2024ರ ಚುನಾವಣೆಯಲ್ಲಿ ಪ್ರೆಸ್ಪಾ ಒಪ್ಪಂದವನ್ನು ವಿರೋಧಿಸಿದ್ದ ಪಕ್ಷ ಗೆದ್ದಿತು. ಮೇ 12ರಂದು ಹೊಸ ಅಧ್ಯಕ್ಷೆ ಗೋರ್ಡಾನಾ ಸಿಲ್ಯನೋವ್‌ಸ್ಕಾ ದಾವ್ಕೋವಾ ಪ್ರಮಾಣವಚನ ಸ್ವೀಕರಿಸುವಾಗ ತಮ್ಮ ದೇಶವನ್ನು ಬರೀ ಮ್ಯಾಸಿಡೋನಿಯಾ ಎಂದು ಕರೆದರು, ಗ್ರೀಸಿನ ರಾಯಭಾರಿ ಸಭೆಯಿಂದ ಎದ್ದು ಹೋದರು. ಸರ್ಕಾರ ಸಂವಿಧಾನವನ್ನು ತಿದ್ದಬಲ್ಲದು, ತಿದ್ದಿತು. ಅಧ್ಯಕ್ಷೆಯ ಬಾಯಲ್ಲಿ ಹಳೆಯ ಹೆಸರೇ ಬಂತು. ಆದರೂ ಒಪ್ಪಂದ ಮುರಿದುಬೀಳಲಿಲ್ಲ, ನ್ಯಾಟೊ ಸಭೆಗಳಲ್ಲಿ ಆ ದೇಶದ ಮುಂದಿರುವ ಫಲಕದಲ್ಲಿ ಉತ್ತರ ಮ್ಯಾಸಿಡೋನಿಯಾ ಎಂದೇ ಇದೆ.